ತವರಂಗಳದ ಶನಿವಾರ

"ಇವತ್ತೂ ಸೋತ್ರೆ ನಾಳೆಯಿಂದ ನೀನು ಕೋಚ್ ಅಲ್ಲ, ಗಾರ್ಲಂಡ್." ಕಾಲೇಜಿನ ಕ್ರೀಡಾ ನಿರ್ದೇಶಕ ಫೋನು ಕುಕ್ಕಿದ.

ಗಾರ್ಲಂಡ್ ಸ್ಟ್ರೌಡ್ ಉಸಿರೆಳೆದುಕೊಂಡು ಬೀದಿಗಿಳಿದ. ನೆಬ್ರಾಸ್ಕಾದ ಟಾರ್ಕೆಟ್ ಊರಿಗೆ ಅಂದು ಹಬ್ಬ. ಹಳೆಯ ವಿದ್ಯಾರ್ಥಿಗಳೆಲ್ಲ ಮರಳಿ ಬರುವ ದಿನ; ಬೆಳಿಗ್ಗೆ ಮೆರವಣಿಗೆ, ಮಧ್ಯಾಹ್ನ ಚೆಂಡನ್ನು ಕೈಯಲ್ಲಿ ಹಿಡಿದು ಗೆರೆ ದಾಟಿಸುವ ಅಮೆರಿಕದ ಫುಟ್‌ಬಾಲ್. ಇಂಥ ದಿನಕ್ಕೆ ಸೋಲುವಂಥ ತಂಡವನ್ನೇ ಹುಡುಕಿ ಆಟಕ್ಕೆ ಕರೆಯುವುದು ವಾಡಿಕೆ. ಹಬ್ಬದ ದಿನ ಊರು ಅಳಬಾರದಲ್ಲ!

ಇಲ್ಲಿ ಓದುವಾಗ ಚೆಂಡನ್ನು ಕೂಸಿನಂತೆ ಎದೆಗವಚಿಕೊಂಡು ಅವನು ಓಡಿದ್ದನ್ನು ಊರು ಇನ್ನೂ ಅಜ್ಜಿಕಥೆಯಂತೆ ಹೇಳುತ್ತಿತ್ತು. ಹೇಳಿದಷ್ಟು ಸಲವೂ ಅವನು ಉರುಳಿಸಿದ ಎದುರಾಳಿಗಳು ಹೆಚ್ಚುತ್ತಿದ್ದರು. ಮಂಡಿ ಮುರಿದ ಮೇಲೆ ಕಂಡಕಂಡ ಕೋಚ್‌ಗಳ ಕೈಕೆಳಗೆ ದುಡಿದು, ಈ ವರ್ಷವಷ್ಟೇ ಮುಖ್ಯ ಕೋಚ್ ಆಗಿದ್ದ. ಆಡಿದ್ದೆಲ್ಲ ಸೋಲು.

ಹೋಟೆಲಿನ ಬರ್ನೀಸ್ ಸೇಬಿನ ಪೈ ಮುಂದಿಟ್ಟು, ದುಡ್ಡು ಬೇಡವೆಂದಳು. "ಇವತ್ತು ನಮ್ಮ ಹೊಟ್ಟೆ ಉರಿಸ್ಬೇಡ ಕಣೋ."

"ಉಂಡ ಮನೆಗೆ ಎರಡು ಬಗೀತೀನಾ?" ಗಾರ್ಲಂಡ್ ತಟ್ಟೆ ನೆಕ್ಕಿದ.

ಕ್ರೀಡಾಂಗಣದಲ್ಲಿ ಅವನ ಹೆಸರು ಕೂಗಿದ್ದೇ ತಡ, ಜನ ಎದ್ದು ನಿಂತರು. ಕೆಂಪು ಟೋಪಿಗಳು ಹಕ್ಕಿಗಳಂತೆ ಹಾರಿದವು. ಮೊದಲ ಸಾಲಿನಲ್ಲಿ ಅವನ ತಾಯಿ ಓಪಲ್ ಮೂಗೊರೆಸಿಕೊಂಡಳು.

"ಅಮ್ಮಾ, ಪ್ರಾರ್ಥನೆ ಮಾಡಿದ್ಯಾ?"

"ಎರಡು ಮಾಡಿದೀನಿ. ನಿನ್ನ ಕೆಲಸ ಉಳೀಲಿ ಅಂತ ಒಂದು, ಟಾರ್ಕೆಟ್ ಗೆಲ್ಲಲಿ ಅಂತ ಒಂದು. ದೇವರು ಹೇಗೋ ಹೊಂದಿಸ್ಕೋತಾನೆ ಬಿಡು."

ಕೊನೆಯ ಕ್ಷಣ. ಗಾರ್ಲಂಡನ ಹುಡುಗರು ಎರಡು ಅಂಕ ಹಿಂದೆ. ಅವನು ಅವರನ್ನು ಗುಂಪುಗೂಡಿಸಿ ಪಿಸುಗುಟ್ಟಿದ: "ಎಲ್ಲರೂ ಎಡಕ್ಕೆ ಓಡಿ, ಬೊಬ್ಬೆ ಹೊಡೀರಿ. ಚೆಂಡು ಮಾತ್ರ ಬಲಕ್ಕೆ."

ಎದುರಾಳಿಗಳು ಬೊಬ್ಬೆಯ ಹಿಂದೆ ಓಡಿದರು. ಬಲಗಡೆ ಒಬ್ಬ ಕಡ್ಡಿಕಾಲಿನ ಹುಡುಗ, ತನಗೇ ನಂಬಿಕೆಯಿಲ್ಲದವನಂತೆ ಅತ್ತಿತ್ತ ನೋಡುತ್ತ, ಚೆಂಡಿನೊಂದಿಗೆ ಗೆರೆ ದಾಟಿದ. ಆರು ಅಂಕ!

ಗೆಲುವು! ಹುಡುಗರು ಬಂದವರೇ ಮಂಜುಗಡ್ಡೆ ನೀರಿನ ಡ್ರಮ್ಮನ್ನು ಕೋಚ್‌ನ ತಲೆಯ ಮೇಲೆ ಬೋರಲು ಹಾಕಿದರು. ಗೆದ್ದವನಿಗೆ ಅದೇ ಕಿರೀಟ. ಗಾರ್ಲಂಡ್ ನಡುಗುತ್ತ, ನಗುತ್ತ, ಕುಂಟುಗಾಲಲ್ಲೇ ಕುಣಿದ. ಕೆಲಸ ಉಳಿಯಿತು!

ಕಣ್ಣಿನ ನೀರೊರೆಸಿಕೊಂಡು ಅಮ್ಮನ ಕಡೆ ಓಡಿದ. ಓಪಲ್ ಅತ್ತಿತ್ತ ನೋಡಿ, ಅವನ ಒದ್ದೆ ಕೆನ್ನೆಗೆ ಗಬಕ್ಕನೆ ಮುತ್ತಿಟ್ಟಳು.

"ಊಟಕ್ಕೆ ಬಾ. ಆದ್ರೆ ಹಿಂಬಾಗಿಲಿಂದ ಬಾರೋ ಪಾಪಿ. ಹಬ್ಬದ ದಿನ ನಮ್ಮೂರನ್ನೇ ಸೋಲಿಸಿದ ಪರವೂರಿನ ಕೋಚನ್ನ ಮುಂಬಾಗಿಲಿಂದ ಒಳಗೆ ಕರ್ಕೊಂಡ್ರೆ, ಈ ಜನ ನನ್ನನ್ನ ಊರಲ್ಲಿ ಬಾಳಿಸ್ತಾರಾ?"