ಯಮುನಾಬಾಯಿಯ ಮಾದರಿ ಸಹಿ

"ಸರ್ವರ್ ಡೌನ್ ಐತ್ರೀ. ಕಂಪ್ಯೂಟರಿನ್ಯಾಗ ಸಹಿ ನೋಡಾಕ ಬರಂಗಿಲ್ಲ," ಎಂದು ಕೌಂಟರಿನ ರವಿಶಂಕರ್ ಹೇಳಿದಾಗ ಶರ್ವರಿಗೆ ಸಿಟ್ಟಿನ ಜೊತೆ ಒಂದಿಷ್ಟು ಸಮಾಧಾನವೂ ಆಯಿತು. ಈ ಬ್ಯಾಂಕು ಬಿಡಲು ಇನ್ನೆಂಥ ಕಾರಣ ಬೇಕು? ಪಾಸ್‌ಬುಕ್ ಪ್ರಿಂಟರ್ ಕೆಟ್ಟು ಮೂರು ತಿಂಗಳಾಗಿತ್ತು. ಆ್ಯಪ್ ಇದೆಯೇ ಎಂದು ಕೇಳಿದರೆ ಮ್ಯಾನೇಜರು ಮಗುವಿನ ಮಾತು ಕೇಳಿದವರಂತೆ ನಗುತ್ತಿದ್ದರು. ಮೆಹದಿಪಟ್ಟಣದಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವುದು, ನಾಂಪಲ್ಲಿಯಲ್ಲಿ ಇಳಿದು ಇಲ್ಲಿ ಮತ್ತೆ ನಿಲ್ಲುವುದು. ಸಾಕಾಗಿ ಹೋಗಿತ್ತು.

"ಹಂಗಾದ್ರ ಇವತ್ತು ಖಾತೆ ಮುಚ್ಚಾಕ ಆಗೂದಿಲ್ಲೇನ್ರಿ?"

"ಆಗತೈತ್ರಿ. ಮಾದರಿ ಸಹಿದು ಹಳೇ ಕಾರ್ಡ್ ಐತಿ, ತರ್ತೀನಿ. ಬಾಯಾರ, ನೀವು ಕೂಡ್ರಿ." ರವಿಶಂಕರ್ ಊರಿಗೆಲ್ಲ ತೆಲುಗು, ಹಿಂದಿಯಲ್ಲೇ ಉತ್ತರ ಕೊಡುವವರು. ಯಮುನಾಬಾಯಿ ಬಂದರೆ ಮಾತ್ರ ಅವರ ಬಾಯಲ್ಲಿ ರಾಯಚೂರಿನ ಕನ್ನಡ ಹೊರಡುತ್ತಿತ್ತು.

ಶರ್ವರಿಯ ಅತ್ತೆ ಯಮುನಾಬಾಯಿ ಬೆಂಚಿನ ಮೇಲೆ ಕುಳಿತು ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ವರ್ಷದಿಂದ ಆ ಕೈ ನಡುಗುತ್ತಿತ್ತು. ಅತ್ತೆಗೆ ಬರುವ ಮಾವನ ಪಿಂಚಣಿಯನ್ನು ದೊಡ್ಡ ಬ್ಯಾಂಕಿಗೆ ಬದಲಿಸೋಣವೆಂದು ಶರ್ವರಿ ಸೋಮವಾರ ಅವರನ್ನು ಅಲ್ಲಿಗೆ ಕರೆದೊಯ್ದಿದ್ದಳು. ಎಸಿ, ಟೋಕನ್, ಕುಳಿತಲ್ಲಿಗೇ ನೀರು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಅತ್ತೆಯ ನಡುಗುವ ಕೈ ಕಂಡ ಅಲ್ಲಿನ ಹುಡುಗಿ ನಗುನಗುತ್ತಲೇ ಇಂಕ್‌ಪ್ಯಾಡ್ ಮುಂದೆ ಸರಿಸಿ, ಹೆಬ್ಬೆಟ್ಟು ಸಾಕು ಎಂದಿದ್ದೇ ತಡ, ಯಮುನಾಬಾಯಿ ಎದ್ದು ಹೊರಗೆ ನಡೆದುಬಿಟ್ಟಿದ್ದರು. ಇದೆಂಥ ಹಟ ಎಂದು ಶರ್ವರಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಇಲ್ಲಿಯದನ್ನು ಮೊದಲು ಮುಚ್ಚಿಬಿಟ್ಟರೆ ಅಲ್ಲಿ ಹೆಬ್ಬೆಟ್ಟು ಒತ್ತದೆ ಅತ್ತೆಗೆ ಬೇರೆ ದಾರಿಯಿಲ್ಲ ಎಂಬುದು ಈಗ ಅವಳ ಉಪಾಯ.

ರವಿಶಂಕರ್ ಒಳಗಿನಿಂದ ಉದ್ದನೆಯ ಕಟ್ಟಿಗೆಯ ಡ್ರಾಯರನ್ನೇ ಎತ್ತಿಕೊಂಡು ಬಂದರು. ಧೂಳಿಗೆ ಎರಡು ಸಲ ಸೀನಿ, ಒಂದು ಕಾರ್ಡನ್ನು ಹೆಕ್ಕಿ ತೆಗೆದು, "ಫಾರ್ಮಿನ ಮ್ಯಾಲ ಸಹಿ ಮಾಡ್ರಿ ಬಾಯಾರ," ಎಂದರು.

ಯಮುನಾಬಾಯಿ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು ಬರೆದರು. ಅಕ್ಷರಗಳು ಏರಿ, ಇಳಿದು, ಗೆರೆ ದಾಟಿ ಹೋದವು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಶರ್ವರಿಗೆ ನೋಡಲಾಗಲಿಲ್ಲ.

"ಇದು ಹೊಂದಂಗಿಲ್ಲ ಬಿಡ್ರಿ ಅತ್ತಿ. ಹೆಬ್ಬಟ್ಟು ಒತ್ತಿಬಿಡ್ರಿ, ಏನೈತಿ ಅದರಾಗ?" ಎಂದು ಕೌಂಟರಿನ ಇಂಕ್‌ಪ್ಯಾಡನ್ನು ತಾನೇ ಹತ್ತಿರ ಎಳೆದಳು.

"ಹೆಬ್ಬಟ್ಟು ಒಂದು ಬ್ಯಾಡವಾ," ಎಂದರು ಯಮುನಾಬಾಯಿ.

"ತಡೀರಿ, ತಡೀರಿ. ಸಹಿ ನೋಡಾವ ನಾನು," ಎನ್ನುತ್ತ ರವಿಶಂಕರ್ ಕಾರ್ಡನ್ನು ಇಬ್ಬರ ಕಡೆಗೂ ತಿರುಗಿಸಿದರು.

ಎಲ್ಲಕ್ಕಿಂತ ಮೇಲೆ, ೧೯೭೯ ಎಂದು ಬರೆದಲ್ಲಿ, ನೀಲಿ ಹೆಬ್ಬೆಟ್ಟಿನ ಗುರುತು.

"ಇದು ಯಾರದ್ರಿ?"

"ಇವರದ ಅಲ್ಲೇನ್ರಿ ಮತ್ತ."

ಶರ್ವರಿ ಅತ್ತೆಯ ಮುಖ ನೋಡಿದಳು. ದಿನಾ ಬೆಳಿಗ್ಗೆ ಪೇಪರಿನ ಮೂಲೆ ಮೂಲೆ ಓದಿ, ಮೊಮ್ಮಕ್ಕಳ ಕಾಗುಣಿತ ತಿದ್ದುವ ಅತ್ತೆ!

"ಮದಿವ್ಯಾಗಿ ಬಂದಾಗ ನನಗ ಒಂದಕ್ಷರ ಬರ್ತಿದ್ದಿಲ್ಲ," ಎಂದರು ಯಮುನಾಬಾಯಿ, ತಲೆ ಎತ್ತದೆ. "ಕೇದಾರ ಸಾಲಿಗೆ ಹೋಗಾಕತ್ತ ಮ್ಯಾಲ ಅವನ ಪಾಟಿ ಮ್ಯಾಲ ಕಲತೆ. ನಾನು ಅವಗ ಕಲಸಾಕತ್ತೀನಿ ಅಂತ ಅವ ತಿಳಕೊಂಡಿದ್ದ. ಇವತ್ತಿಗೂ ಹಂಗ ತಿಳಕೊಂಡಾನ."

ನನಗೆ ಅಕ್ಷರ ತಿದ್ದಿಸಿದವಳು ಅಮ್ಮ ಎಂದು ಗಂಡ ಕೇದಾರ ಕಂಡವರೆದುರೆಲ್ಲ ಹೇಳಿಕೊಳ್ಳುವುದನ್ನು ಶರ್ವರಿ ಹದಿನೈದು ವರ್ಷದಿಂದ ಕೇಳುತ್ತ ಬಂದಿದ್ದಳು. ಅವಳು ಕಾರ್ಡಿನ ಮೇಲೆ ಬಾಗಿದಳು. ೧೯೮೫ರಲ್ಲಿ ಒಂದೊಂದೂ ಬಿಡಿಬಿಡಿಯಾಗಿ, ಪೆನ್ನು ಕಾಗದಕ್ಕೆ ತೂತು ಬೀಳುವಂತೆ ಒತ್ತಿ ಬರೆದ ಹೆಸರು. ೧೯೯೩ರಲ್ಲಿ ಅದೇ ಹೆಸರು ಒಂದೇ ಉಸಿರಿಗೆ ಓಡಿತ್ತು, ಕೊನೆಗೆ ಒಂದು ಜಂಬದ ಗೆರೆ ಬೇರೆ. ೨೦೧೧ರಲ್ಲಿ, ಮಾವ ತೀರಿಕೊಂಡ ತಿಂಗಳಲ್ಲಿ, 'ಯಮುನಾ' ಎಂಬಲ್ಲಿಗೇ ನಿಂತುಬಿಟ್ಟಿತ್ತು; ಪಕ್ಕದಲ್ಲಿ ಅದನ್ನು ಒಪ್ಪಿಕೊಂಡ ಬ್ಯಾಂಕಿನವರು ಯಾರದೋ ಪುಟ್ಟ ಸಹಿ. ಅದರ ಕೆಳಗೆ ಮತ್ತೆ ಪೂರ್ತಿ ಹೆಸರು. ಅಂಗೈಯಗಲದ ರಟ್ಟು ಅದು. ಒಂದೇ ಮನೆಯಲ್ಲಿ ಉಂಡು ಮಲಗಿಯೂ ಶರ್ವರಿ ಕಾಣದಿದ್ದ ಹೆಂಗಸು ಇಲ್ಲಿ, ಈ ಧೂಳಿನ ಡ್ರಾಯರಿನಲ್ಲಿದ್ದಳು.

"ಸಹಿ ಬದಲಾದಾಗೊಮ್ಮೆ ಹೊಸಾದು ತಗೊಂಡೀವ್ರಿ," ಎಂದರು ರವಿಶಂಕರ್. "ಕಂಪ್ಯೂಟರಿನ್ಯಾಗ ಬರೇ ಒಂದ ಐತಿ." ಫಾರ್ಮನ್ನು ಕಾರ್ಡಿನ ಪಕ್ಕಕ್ಕಿಟ್ಟು ಬೆರಳಾಡಿಸಿದರು. "ಮೊದಲನೇ ಅಕ್ಷರ ನೋಡ್ರಿ. ಪಾಟಿ ಮ್ಯಾಲ ಕಲತವರು ಹಿಂಗ ಬರೀತಾರ, ಕೆಳಗಿಂದ ಮ್ಯಾಲ. ಅಂದೂ ಹಂಗ, ಇಂದೂ ಹಂಗ. ಸಹಿ ಅವರದ ಐತಿ, ನಡೀತೈತಿ. ಖಾತೆ ಮುಚ್ಚಲೇನ್ರಿ?"

"ಮುಚ್ಚಿದ್ರ ಈ ಕಾರ್ಡು?"

"ನಾಕು ವರ್ಷ ಇಡ್ತಾರ. ಆಮ್ಯಾಲ ರದ್ದಿಗೆ."

ಶರ್ವರಿ ಇಂಕ್‌ಪ್ಯಾಡನ್ನು ಕೌಂಟರಿನ ಆ ಕೊನೆಗೆ ತಳ್ಳಿದಳು. "ನೀವ ಹೇಳ್ರಿ ಅತ್ತಿ. ನೀವು ಹೆಂಗಂತೀರಿ ಹಂಗ."

ಯಮುನಾಬಾಯಿ ಕಾರ್ಡಿನಿಂದ ಕಣ್ಣು ತೆಗೆದಿರಲಿಲ್ಲ. "ಕೆಳಗ ಎರಡು ಖಾನೆ ಖಾಲಿ ಅದಾವಲ್ರಿ," ಎಂದು ಫಾರ್ಮನ್ನು ಬದಿಗೆ ಸರಿಸಿ ಪೆನ್ನಿಗೆ ಕೈ ಚಾಚಿದರು. ಬರೆಯಲು ಹೋದವರು ಅರ್ಧಕ್ಕೇ ತಡೆದು ಕೇಳಿದರು: "ನನ್ನ ಕೈ ಇನ್ನೂ ಹದಗೆಟ್ಟು, ಇವೂ ತುಂಬಿಹೋದ್ರ?"

"ಸಾವಕಾಶ ಬರೀರಿ ಬಾಯಾರ," ಎಂದರು ರವಿಶಂಕರ್. "ತುಂಬಿದ್ರ ಇದಕ್ಕ ಇನ್ನೊಂದು ಕಾರ್ಡು ಹಚ್ಚೋಣಂತ."