ಆಸ್ಪತ್ರೆಗೆ ಬಂದ ಕುರಿಗಳು

ಸುಷ್ಮಿತಾ ತಾತನ ಬಲಗೈಯನ್ನು ಮೊದಲು ಅಂಗಿಯ ತೋಳಿಗೆ ತೂರಿಸಿದಳು. ಆಮೇಲೆ ಎಡಗೈ. ಎಡತೋಳಿನ ಗುಂಡಿ ಹಾಕಲಿಲ್ಲ. ಆ ಕೈಗೆ ಏನೂ ಬಿಗಿಯಾಗಬಾರದು ಎಂದು ಹಿರಿಯೂರಿನ ನರ್ಸಮ್ಮ ಹೇಳಿದ್ದಳು. ಅಲ್ಲಿ ಉಬ್ಬಿದ ನರಕ್ಕೆ ಬೆರಳು ತಾಗಿದಾಗ ಒಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗಾಯಿತು. ಕೊನೆಗೆ ಕಂಬಳಿಯನ್ನು ಕೊಪ್ಪೆ ಮಾಡಿ ತಾತನ ತಲೆಗೆ ಹೊದಿಸಿದಳು. ಕುರಿ ಕಾಯ್ದ ಎಪ್ಪತ್ತು ವರ್ಷದ ಮನುಷ್ಯ ತನ್ನ ಕೊಪ್ಪೆಯನ್ನು ಮೊಮ್ಮಗಳ ಕೈಲಿ ಹಾಕಿಸಿಕೊಳ್ಳುವುದು ಚಿತ್ತಪ್ಪನಿಗೆ ಹೆಗಲ ನೋವಿಗಿಂತ ದೊಡ್ಡ ನೋವು.

ದುರ್ಗದ ಬಸ್ಸು ಹತ್ತಿದ ಮೇಲೆ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಪಕ್ಕದ ಸೀಟಿನವನಿಗೆ, ಹಿಂದಿನ ಸೀಟಿನವಳಿಗೆ, ಕೇಳದಿದ್ದ ಕಂಡಕ್ಟರಿಗೂ ಹೇಳಿದ. "ನಮ್ಮ ಟಗರೇ ಗುದ್ದಿದ್ದು ಕಣಪ್ಪ. ಬಿದ್ದೇಟಿಗೆ ಹೆಗಲು ಹಿಡ್ಕಂತು. ಇವತ್ತು ಆಸ್ಪತ್ರೆ ಗೋಡೆ ಮೇಲಿನ ಕೆಂಪು ಗೆರೆ ಮುಟ್ಟಿದೆ ಅಂದ್ರೆ ಮುಗೀತು. ಮೇಡಂ ಮಾತು ಕೊಟ್ಟವ್ರೆ."

ಮುಟ್ಟದಿದ್ದರೆ ಆಪರೇಷನ್. ತಾತನ ಕಿಡ್ನಿಯ ಸ್ಥಿತಿಯಲ್ಲಿ ಅದು ಅಪಾಯ ಎಂದು ಡಾಕ್ಟರು ಸುಷ್ಮಿತಾಳಿಗಷ್ಟೇ ಹೇಳಿದ್ದರು. ಸೋಮವಾರ, ಗುರುವಾರ ಹಿರಿಯೂರಿನಲ್ಲಿ ಎಡಗೈಗೆ ಸೂಜಿ ಚುಚ್ಚಿ ರಕ್ತ ತೊಳೆಯುವ ಡಯಾಲಿಸಿಸ್. ಮಂಗಳವಾರ ದುರ್ಗದಲ್ಲಿ ಬಲಹೆಗಲಿಗೆ ವ್ಯಾಯಾಮ. ಸೂಜಿ ಎಲ್ಲಿಯವರೆಗೆ ಎಂದು ತಾತ ಕೇಳಿದಾಗೆಲ್ಲ ಅವಳಪ್ಪ ಮಂಜಣ್ಣ, "ಇನ್ನೊಂದೀಟು ದಿನ ಕಣಪ್ಪ, ವಾಸಿ ಆಗ್ತೈತೆ" ಎನ್ನುತ್ತಿದ್ದ. ಹಾಗೆ ಅನ್ನುತ್ತಲೇ ಒಂದೂವರೆ ವರ್ಷ ಕಳೆದಿತ್ತು.

ವ್ಯಾಯಾಮದ ಕೋಣೆಯಲ್ಲಿ ಜಯಶೀಲಾ ಮೇಡಂ ಬಾಗಿಲಲ್ಲೇ ತಡೆದು ಕೇಳಿದಳು. "ಅಜ್ಜಾ, ಈ ವಾರ ದಿನಕ್ಕೆಷ್ಟು ಸಲ ಕೈ ಎತ್ತಿದ್ರಿ? ನಿಜ ಹೇಳ್ಬೇಕು."

"ನೀವು ಹೇಳ್ದಂಗೇ. ಇಪ್ಪತ್ತು."

"ಕುರಿಗೊಂದ್ಸಲ ಎತ್ತಿಲ್ಲ ತಾನೆ?"

ಹಗ್ಗ ಎಳೆಯುತ್ತಾ ಕೂತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಎರಡನೇ ವಾರದ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಸಂಜೆ ಕುರಿಗಳು ರೊಪ್ಪದೊಳಗೆ ಹೋಗುವಾಗ ಬಾಗಿಲಲ್ಲಿ ನಿಂತು ಕೋಲೆತ್ತಿ ಎಣಿಸುವುದು ಚಿತ್ತಪ್ಪನ ರೂಢಿ. ವ್ಯಾಯಾಮವನ್ನು ಅದರ ಜೊತೆಗೇ ಸೇರಿಸಿಬಿಟ್ಟಿದ್ದ. ಮರುವಾರ ಹೆಗಲು ಊದಿಕೊಂಡು ಬಂದಾಗ ಮೇಡಂ, ಎಷ್ಟು ಕುರಿ ಅವೆ ನಿಮ್ಮತ್ರ ಎಂದು ಗದರಿದ್ದಳು. "ಕುರಿ ಲೆಕ್ಕ ಬಾಯಲ್ಲಿ ಹೇಳಂಗಿಲ್ಲ ತಾಯಿ, ದೃಷ್ಟಿ ಆಗ್ತೈತೆ" ಎಂದು ಅವನು ತುಟಿ ಹೊಲಿದುಕೊಂಡಿದ್ದ.

"ಬರ್ರಿ, ನೋಡಾಣ" ಎಂದಳು ಮೇಡಂ.

ಗೋಡೆಯ ಮೇಲೆ ಐದು ಮಂಗಳವಾರಗಳ ಪೆನ್ಸಿಲ್ ಗುರುತು. ಎಲ್ಲಕ್ಕಿಂತ ಮೇಲೆ ಕೆಂಪು ಗೆರೆ. ಚಿತ್ತಪ್ಪ ಕೊಪ್ಪೆ ತೆಗೆಸಿ, ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಹತ್ತಿಸತೊಡಗಿದ. ಐದನೆಯ ಗುರುತು ದಾಟಿತು. ಆದರೆ ಕೆಂಪು ಗೆರೆಗಿಂತ ಒಂದು ಗೇಣು ಕೆಳಗೇ ಕೈ ನಿಂತುಬಿಟ್ಟಿತು. ಮತ್ತೊಮ್ಮೆ ಎತ್ತಿದ. ಮತ್ತೆ ಅಲ್ಲೇ. ಕುತ್ತಿಗೆಯ ನರ ಸೆಟೆದವು, ಹಣೆ ಬೆವರಿತು. ಮೇಡಂ ಮೇಜಿನ ಮೇಲಿದ್ದ ಆಪರೇಷನ್ನಿನ ಚೀಟಿಯತ್ತ ತಿರುಗಿದಳು.

ಸುಷ್ಮಿತಾ ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ. ಆದರೆ ಸಂಜೆಯ ಹೊತ್ತು ರೊಪ್ಪದ ಬೇಲಿಯ ಆಚೆ ನಿಂತು ಅವಳು ದಿನವೂ ನೋಡಿದ್ದಳು: ತಾತನ ಕಣ್ಣು ಕುರಿಯ ಮೇಲಿದ್ದಾಗ ಕೈ ತನ್ನಷ್ಟಕ್ಕೆ ತಾನು ಮೇಲೇರುತ್ತಿತ್ತು. ಅವಳು ಗೋಡೆಯ ಹತ್ತಿರ ಬಂದಳು.

"ತಾತಾ, ಕರಿಕಿವಿ ಬಂತು."

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಅವಳ ಕಿವಿ ಬಿಸಿಯಾಯಿತು. ಚಿತ್ತಪ್ಪನ ಕೈ ಒಂದಿಷ್ಟು ಎದ್ದಿತು.

"ಬಿಳಿಮೂತಿ ಬಂತು. ಅದರ ಮರಿ ಬಂತು. ಕುಂಟಿ ಬಂತು, ಹಿಂದೆ ಉಳೀತೈತೆ ನೋಡು!"

"ಹೋಯ್, ಬಾರೇ ಕುಂಟಿ!" ಎಂದು ತಾತ ಗೋಡೆಗೆ ಕೂಗಿದ. ಕೈ ಎರಡು ಬೆರಳು ಮೇಲೆ ಹೋಯಿತು. ಹಗ್ಗದ ಹೆಂಗಸು ಹಗ್ಗ ಬಿಟ್ಟು ಎದ್ದು ನಿಂತಳು. ಮೇಡಂ ಚೀಟಿ ಹಿಡಿದುಕೊಂಡೇ ಹತ್ತಿರ ಬಂದಳು.

"ಮಚ್ಚೆ ಬಂತು, ಸಣ್ಣ ಮಚ್ಚೆ ಬಂತು…" ಸುಷ್ಮಿತಾಳ ದನಿ ಈಗ ರೊಪ್ಪದಲ್ಲಿ ಕೂಗುವ ದನಿಯೇ ಆಗಿತ್ತು. "ತಾತಾ, ಟಗರು! ಗುದ್ದಾಕೆ ಬಂತು!"

"ಲೇಯ್ ಬಡ್ಡಿಮಗನೇ!"

ಚಿತ್ತಪ್ಪನ ಕೈ ಕೋಲು ಎತ್ತಿದ ಹಾಗೆ ಛಂಗನೆ ಮೇಲೆ ಹೋಯಿತು. ಕೆಂಪು ಗೆರೆ ಅವನ ಮೊಣಕೈಯ ಹತ್ತಿರ ಉಳಿಯಿತು.

ಕೋಣೆ ತುಂಬ ಚಪ್ಪಾಳೆ. ಹಗ್ಗದ ಹೆಂಗಸು ಶಿಳ್ಳೆ ಹಾಕಿದಳು. ಜಯಶೀಲಾ ಗೋಡೆಯ ಮೇಲೆ ದಿನಾಂಕ ಬರೆಯಲು ಸ್ಟೂಲು ಹತ್ತಬೇಕಾಯಿತು. "ಅಜ್ಜಾ, ಹೆಗಲಿನ ಕೆಲಸ ಮುಗೀತು. ಇನ್ನು ನೀವು ಇಲ್ಲಿಗೆ ಬರೋದು ಬ್ಯಾಡ. ಆಪರೇಷನ್ನೂ ಬ್ಯಾಡ."

ಸುಷ್ಮಿತಾ ಕಂಬಳಿ ಎತ್ತಿಕೊಳ್ಳಲು ಬಾಗಿದಳು. ತಾತ ಅವಳಿಗಿಂತ ಮೊದಲೇ ಕೈ ಹಾಕಿದ. ತಾನೇ ಮಡಿಸಿ, ಎರಡೂ ಕೈ ಎತ್ತಿ, ಕೊಪ್ಪೆಯನ್ನು ತಲೆಗೆ ಹಾಕಿಕೊಂಡು ಮದುಮಗನ ಹಾಗೆ ಸುತ್ತ ನೋಡಿದ. ಎಲ್ಲರೂ ನಗುತ್ತಿದ್ದರು.

ಆಮೇಲೆ ಅವನು ಕುರ್ಚಿ ಎಳೆದುಕೊಂಡು ಮೇಡಂ ಎದುರು ಕೂತ. ಅಂಗಿಯ ಎಡತೋಳು ಮೇಲೇರಿಸಿ, ಸೂಜಿಯ ಕಲೆಗಳಿದ್ದ ಕೈಯನ್ನು ಮೇಜಿನ ಮೇಲಿಟ್ಟ.

"ಹಂಗೇ ಇದಕ್ಕೂ ಒಂದು ವ್ಯಾಯಾಮ ಹೇಳ್ಕೊಡ್ರಿ ಮೇಡಂ."

ಜಯಶೀಲಾ ಸುಷ್ಮಿತಾಳನ್ನು ನೋಡಿದಳು. ಸುಷ್ಮಿತಾ ಗೋಡೆಯನ್ನು ನೋಡಿದಳು.

"ಇಪ್ಪತ್ತಲ್ಲ, ಕುರಿಗೊಂದ್ಸಲ ಅಂದ್ರೂ ಮಾಡ್ತೀನಿ. ಹೇಳ್ಕೊಡ್ರಿ."