ಕುಂಕುಮ ಕೊಡದ ಸಂಜೆ

ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿ ವಾಸನೆಗೆ ಈಗಲೂ ನನಗೆ ಮೈ ಉರಿಯುತ್ತದೆ.

ಅವತ್ತು ಕಲ್ಯಾಣದುರ್ಗದ ಅತ್ತೆ, ಅಪ್ಪನ ಅಕ್ಕ, ಮಗಳನ್ನು ಕರೆದುಕೊಂಡು ಹಿಂದೂಪುರದ ನಮ್ಮ ಮನೆಗೆ ಬಂದಿದ್ದಳು. ಮನೆ ತುಂಬ ಅದೇ ಗಂಜಿ ವಾಸನೆ. ಅಮ್ಮ ಮಗ್ಗದ ಗುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದಳು. ಊಟ ಮುಗಿದದ್ದೇ ಅತ್ತೆ ಮಗಳನ್ನೂ ನನ್ನನ್ನೂ ಎದುರು ನಿಲ್ಲಿಸಿಕೊಂಡಳು. ಒಂದಿದ್ದದ್ದನ್ನು ಹಲವು ಮಾಡಿ ಇಂಗ್ಲಿಷಿನಲ್ಲಿ ಹೇಳಬೇಕು. ಕಾನ್ವೆಂಟಿಗೆ ಹೋಗುವ ಅವಳ ಮಗಳು ಲೀಫಿಗೆ ಲೀವ್ಸ್, ನೈಫಿಗೆ ನೈವ್ಸ್ ಎಂದು ಗಿಣಿಯ ಹಾಗೆ ಒದರಿದಳು. ನನಗೆ ಕೇಳಿದ್ದು ರೂಫ್. ಅವಳ ಹಾದಿಯನ್ನೇ ಹಿಡಿದು ರೂವ್ಸ್ ಅಂದೆ.

ಅತ್ತೆ ತೊಡೆ ತಟ್ಟಿಕೊಂಡು ನಕ್ಕಳು. "ಅಯ್ಯೋ ಪಾಪಂ! ರೂಫ್ಸ್ ಕಣೇ. ಇವಳಿಗ್ಯಾಕಮ್ಮ ಇಸ್ಕೂಲು? ನೂಲು ಸುತ್ತಾಕೆ ಕೂರಿಸ್ಬುಡು."

ಅಮ್ಮ ತಲೆ ಎತ್ತಲಿಲ್ಲ. ಲಾಳಿ ಮಾತ್ರ ಬಿರುಸಾಗಿ ಓಡಿತು.

ಸಂಜೆ ಅತ್ತೆ ಹೊಸ್ತಿಲಲ್ಲಿ ನಿಂತು, "ಹೋಗ್ಬತ್ತೀನಿ ಕಣಮ್ಮ" ಅಂದಳು. ನಮ್ಮಲ್ಲಿ ಎಂಥ ಅವಸರದ ಸೀರೆಯಿದ್ದರೂ ಮಗ್ಗದಿಂದ ಎದ್ದು ಬಂದು, ಕುಂಕುಮ ಕೊಟ್ಟೇ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದು. ಅತ್ತೆ ಸೆರಗು ಸರಿಮಾಡಿಕೊಂಡು ಕಾದಳು. ಭರಣಿ ತರಲು ನಾನೇ ಎದ್ದೆ.

"ಕೂತ್ಕೊಳ್ಳೇ ನೀನು" ಎಂದು ಅಮ್ಮ ಗದರಿದಳು. ಆಮೇಲೆ, ಲಾಳಿ ನಿಲ್ಲಿಸದೆಯೇ, ಬಾಗಿಲ ಕಡೆ ನೋಡದೆಯೇ ಹೇಳಿದಳು:

"ಹೋಗಿ, ಅತ್ತಿಗೆ."

ಬನ್ನಿ ಅನ್ನಲಿಲ್ಲ.